ಬಾತಿನ ಕಾವಿನಲ್ಲಿ ಟರ್ಕಿ ಮೊಟ್ಟೆ: ನನ್ನ ಅನುಭವ

ಕುಮಟಾದಲ್ಲಿ ಟರ್ಕಿ ಕೋಳಿ ಸಾಕಿ ಕ್ರಿಸ್‌ಮಸ್‌ಗೆ ಮಾರುತ್ತೇನೆ ಎಂದಾಗ ಮೊದಲು ನಕ್ಕವರು ನನ್ನ ಸೋದರಮಾವ. ಇಪ್ಪತ್ತು ವರ್ಷ ಬ್ರಾಯ್ಲರ್ ಶೆಡ್ಡು ನಡೆಸಿದವರು. "ತಮಾ, ಜೂನ್ ಬಂದರೆ ನಮ್ಮ ಪಂಚೆಯೇ ನಾಲ್ಕು ತಿಂಗಳು ಒಣಗುವುದಿಲ್ಲ. ಟರ್ಕಿ ಉಳಿಯುತ್ತದೆಯೇನೋ?" ಎಂದಿದ್ದರು. 2024ರ ಡಿಸೆಂಬರಿನಲ್ಲಿ 41 ಟರ್ಕಿ, ಎಂಬತ್ತರ ಹತ್ತಿರ ಬಾತುಕೋಳಿ ಮಾರಿ ಮುಗಿಸಿದ ವಾರ ಅದೇ ಮಾವ ಟೇಪು ಹಿಡಿದು ಬಂದು ನನ್ನ ಟರ್ಕಿ ಮರಿಗಳ ಅಟ್ಟದ ಅಳತೆ ಬರೆದುಕೊಂಡು ಹೋದರು. ಅಂದೇ ಇದನ್ನು ಬರೆಯಬೇಕು ಎನ್ನಿಸಿತ್ತು.

ಅದಕ್ಕೆ ಮೊದಲು ಕಳೆದುಕೊಂಡದ್ದನ್ನು ಹೇಳಿಬಿಡುತ್ತೇನೆ. 2019ರಲ್ಲಿ ಒಂದು ದಿನದ 50 ಮರಿ ತರಿಸಿದೆ, ಒಂದಕ್ಕೆ ಸುಮಾರು 180 ರೂಪಾಯಿ. ಬೆಳಗಿನ ನಾಲ್ಕೂವರೆಯ ಬಸ್ಸಿನಲ್ಲಿ ಪೆಟ್ಟಿಗೆ ಬಂತು. ಒಳಗೆ ನಾಲ್ಕು ಸತ್ತಿದ್ದವು. ಉಳಿದವುಗಳಲ್ಲಿ ಹಲವು ತಟ್ಟೆಯ ಪಕ್ಕದಲ್ಲೇ ನಿಂತು ಹಸಿದು ಸತ್ತವು. ಟರ್ಕಿ ಮರಿಗೆ ತಿನ್ನುವುದನ್ನೂ ಕಲಿಸಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಸಾಲದ್ದಕ್ಕೆ ಹಾಕಿದ್ದು ಬ್ರಾಯ್ಲರ್ ಆಹಾರ. ಅದರಲ್ಲಿ ಪ್ರೋಟೀನ್ ಶೇಕಡಾ 22ರ ಆಸುಪಾಸು, ಟರ್ಕಿ ಮರಿಗೆ ಬೇಕಾದದ್ದು ಶೇಕಡಾ 28. ಹತ್ತನೆಯ ದಿನಕ್ಕೆ ಹತ್ತೊಂಬತ್ತು ಉಳಿದಿದ್ದವು. ಈಗ ಮೊದಲ ಎರಡು ವಾರ ಬೇಯಿಸಿದ ಮೊಟ್ಟೆಯನ್ನು ನುಗ್ಗೆಸೊಪ್ಪಿನೊಂದಿಗೆ ಸಣ್ಣಗೆ ಕೊಚ್ಚಿ ಹಾಕುತ್ತೇನೆ. ಮರಿಗಳ ಕಣ್ಣು ಹಸಿರಿಗೆ ಬೇಗ ಹೋಗುತ್ತದೆ. ತಟ್ಟೆಯಲ್ಲಿ ಮಗನ ಬಣ್ಣದ ಗೋಲಿಗಳನ್ನೂ ಇಡುತ್ತೇನೆ. ಹೊಳೆಯುವುದನ್ನು ಕುಕ್ಕಲು ಹೋಗಿ ಆಹಾರ ಬಾಯಿಗೆ ಸಿಗುತ್ತದೆ. ಆ ಗೋಲಿಗಳ ಬಾಡಿಗೆಯನ್ನು ಅವನು ಇಂದಿಗೂ ಕೇಳುತ್ತಾನೆ.

ಮರುವರ್ಷ ಮರಿಗಳು ತಿಂದವು, ಬೆಳೆದವು. ಎಂಟನೆಯ ವಾರದಲ್ಲಿ ಒಂದೊಂದಾಗಿ ರೆಕ್ಕೆ ಇಳಿಬಿಟ್ಟು ನಿಂತವು. ಹಿಕ್ಕೆ ಗಂಧಕದಂತೆ ಹಳದಿ. ಪಶುವೈದ್ಯರು ಒಂದನ್ನು ಸೀಳಿ ತೋರಿಸಿದರು. ಯಕೃತ್ತಿನ ಮೇಲೆ ನಾಣ್ಯ ಒತ್ತಿದಂತೆ ದುಂಡು ಕಲೆಗಳು, ನಡುವೆ ತಗ್ಗು. ಬ್ಲ್ಯಾಕ್‌ಹೆಡ್ ಎಂಬ ರೋಗ. ನಾನು ಟರ್ಕಿ ಬಿಟ್ಟಿದ್ದು ಹತ್ತು ವರ್ಷ ಊರ ಕೋಳಿ ಕೆದರಿದ ಹಿತ್ತಿಲಿನಲ್ಲಿ. ಕೋಳಿಗೆ ಆ ರೋಗದಿಂದ ಹೆಚ್ಚೇನೂ ಆಗುವುದಿಲ್ಲ, ಆದರೆ ಅದರ ಕರುಳಿನ ಹುಳುವಿನ ಮೊಟ್ಟೆಯಲ್ಲಿ ರೋಗ ಅಡಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಎರೆಹುಳು ತಿಂದರೂ ಬರುತ್ತದೆ, ನಮ್ಮ ಮಳೆಗಾಲದಲ್ಲಿ ಎರೆಹುಳುವಿಗೆ ಬರವೇ? ಮೂವತ್ತೆರಡರಲ್ಲಿ ಐದು ಉಳಿದವು. ಅದೇ ಸಾಲಿಗೆ 2021ರ ಜನವರಿಯಲ್ಲಿ ಕೇರಳದ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂದ ಸುದ್ದಿ. ಇಲ್ಲಿ ಒಂದು ಹಕ್ಕಿಯೂ ಕೆಮ್ಮಲಿಲ್ಲ, ಆದರೂ ಮಾರ್ಚ್‌ವರೆಗೆ ನನ್ನ ಬಾತನ್ನು ಕೇಳಿದವರಿಲ್ಲ.

ಆಮೇಲಿನದು ಇನ್‌ಕ್ಯುಬೇಟರ್, ಅಂದರೆ ಕರೆಂಟಿನಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಹುಚ್ಚು. ಹದಿನಾಲ್ಕು ಸಾವಿರ ಕೊಟ್ಟೆ. ಮೇ ತಿಂಗಳ ಗುಡುಗಿಗೆ ನಮ್ಮಲ್ಲಿ ಕರೆಂಟು ಹೋದರೆ ಮರುದಿನ ಬಂದರೆ ಪುಣ್ಯ. 28 ದಿನದ ಕಾವು ಇಪ್ಪತ್ತೆರಡನೆಯ ದಿನಕ್ಕೆ ತಣ್ಣಗಾಯಿತು. ಈಗ ಆ ಪೆಟ್ಟಿಗೆಯಲ್ಲಿ ಹೆಂಡತಿ ಈರುಳ್ಳಿ ಇಡುತ್ತಾಳೆ, ಕೊಳೆಯುವುದಿಲ್ಲವಂತೆ.

ಟರ್ಕಿಯನ್ನೇ ಕಾವಿಗೆ ಕೂರಿಸಬಹುದು. ಆದರೆ ಅದು ಕೂತರೆ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಮೈಭಾರಕ್ಕೆ ಎರಡು ಮೂರನ್ನು ಒಡೆಯುತ್ತದೆ. ಊರ ಕೋಳಿಯ ಸಹವಾಸ ಬೇಡವಾಗಿತ್ತು. ಉಳಿದದ್ದು ಹಿತ್ತಿಲಿನ ಮೂಲೆಯಲ್ಲಿ ಸದ್ದಿಲ್ಲದೆ ಬಾಲ ಅಲ್ಲಾಡಿಸುತ್ತ ತಿರುಗುತ್ತಿದ್ದ ಕೆಂಪು ಮುಖದ ಮಸ್ಕೋವಿ ಬಾತು. ಅದರ ಸ್ವಂತ ಮೊಟ್ಟೆಗೆ 35 ದಿನದ ಕಾವು ಬೇಕು. ಐದು ವಾರ ಕೂರುವ ತಾಳ್ಮೆ ಇರುವುದಕ್ಕೆ ನಾಲ್ಕು ವಾರ ಯಾವ ಲೆಕ್ಕ? ಮೊಟ್ಟೆಯ ಗಾತ್ರವೂ ಹೆಚ್ಚುಕಡಿಮೆ ಒಂದೇ. 2023ರ ಮಾರ್ಚಿನಲ್ಲಿ ರಾತ್ರಿ ಬ್ಯಾಟರಿ ಆರಿಸಿಕೊಂಡು ಅದರ ಹದಿಮೂರು ಮೊಟ್ಟೆ ತೆಗೆದು ಟರ್ಕಿಯದು ಇಟ್ಟೆ. ಅದು ಕೊಕ್ಕಿನಿಂದ ಒಂದೊಂದನ್ನೇ ಹೊಟ್ಟೆಯಡಿ ಎಳೆದುಕೊಂಡಿತು. ಒಂಬತ್ತು ಮರಿ ಆದವು.

ಆಗ ನನ್ನ ಬುದ್ಧಿಗೆ ಏನು ಬಡಿಯಿತೋ, ತಾಯಿಯೇ ಸಾಕಲಿ ಎಂದು ಬಿಟ್ಟೆ. ಮೂರನೆಯ ದಿನ ಬೆಳಿಗ್ಗೆ ಬಾತು ತೋಟದ ಕಾಲುವೆಗೆ ಇಳಿದು ಈಜಿತು. ಒಂಬತ್ತೂ ದಂಡೆಯ ಮೇಲೆ ಸಾಲಾಗಿ ಕೂಗುತ್ತಿದ್ದವು, ನೋಡಲು ಚಂದ. ನಾನು ಚಪ್ಪಲಿ ಹುಡುಕಿ ಹೋಗುವಷ್ಟರಲ್ಲಿ ಆರು ಇಳಿದಿದ್ದವು. ಎರಡನ್ನು ಒಲೆಯ ಪಕ್ಕ ಹಾಳೆಯಲ್ಲಿ ಇಟ್ಟು ಬದುಕಿಸಿದೆ. ಅಂದಿನಿಂದ ಮರಿ ಒಣಗಿದ ಕೂಡಲೇ ಬ್ರೂಡರಿಗೆ, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡಿಗೆ, ಬಾತಿನ ಕೆಳಗೆ ಅದರದೇ ಮೊಟ್ಟೆ. ಇನ್ನೊಂದು ಜಾಗ್ರತೆ: ನೀರಿಗೆ ಹೋಗಿ ಬಂದ ಒದ್ದೆ ಎದೆಯಲ್ಲೇ ಅದು ಮೊಟ್ಟೆಯ ಮೇಲೆ ಕೂರುತ್ತದೆ. ಕೊನೆಯ ವಾರ ಅದು ಒಳ್ಳೆಯದೇ. ಮೊದಲ ವಾರಗಳಲ್ಲಿ ಏನು ಮಾಡುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಜಾಗದ ವಿಷಯ. ಮರಿಗಳಿಗೆ ಅಡಿಕೆ ದಬ್ಬೆಯ ಅಟ್ಟ, ನೆಲದಿಂದ ಮೂರು ಅಡಿ ಮೇಲೆ, ಸಂದಿಯಲ್ಲಿ ಹಿಕ್ಕೆ ಕೆಳಗೆ ಬೀಳಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಕಾವು ಕೂರಿಸಿದರೆ ಮಳೆ ಹಿಡಿಯುವ ಹೊತ್ತಿಗೆ ಗರಿ ಬಂದಿರುತ್ತದೆ. ಡಿಸೆಂಬರಿಗೆ ಏಳೆಂಟು ತಿಂಗಳು ತುಂಬಿ ಗಂಡು ಏಳು ಕಿಲೋ, ಹೆಣ್ಣು ನಾಲ್ಕು ನಾಲ್ಕೂವರೆ ತೂಗುತ್ತದೆ. ಜಡಿಮಳೆ ಕಳೆದ ಮೇಲೆ ಹೆಂಡತಿಯ ತವರಿನವರ ಮರಳು ಜಾಗಕ್ಕೆ, ಗಾಳಿಮರದ ಕೆಳಗೆ ಬಿಡುತ್ತೇನೆ. ಅಲ್ಲಿ ಎಂದೂ ಕೋಳಿ ತಿರುಗಿಲ್ಲ, ಮರಳಿನಲ್ಲಿ ಎರೆಹುಳುವೂ ಕಡಿಮೆ. ನನ್ನದು ಹಳೆಯ ಕಂಚುಬಣ್ಣದ ಹಾರುವ ಜಾತಿ, ಆದ್ದರಿಂದ ಒಂದು ಬದಿಯ ರೆಕ್ಕೆಯ ಗರಿ ಕತ್ತರಿಸುವುದನ್ನು ಮರೆತರೆ ರಾತ್ರಿ ಮರದ ತುದಿಯಲ್ಲೇ. ಕೊಂಕಣ ರೈಲು ಸೀಟಿ ಹೊಡೆದಾಗಲೆಲ್ಲ ಗಂಡುಗಳೆಲ್ಲ ಒಟ್ಟಿಗೆ ಉತ್ತರ ಕೊಡುತ್ತವೆ. ರೈಲು ತಡವಾದದ್ದು ನಮ್ಮ ಕೇರಿಗೆ ಮೊದಲು ತಿಳಿಯುವುದು ಹೀಗೆ.

ಬಾತಿನದು ಬೇರೆ ಕಥೆ. ಹೆಸರಘಟ್ಟದ ಕೇಂದ್ರ ಸರ್ಕಾರದ ಸಂಸ್ಥೆಯಿಂದ ಬಿಳಿ ಪೆಕಿನ್ ಜಾತಿಯ ಬಾತಿನ ಮರಿ ತರುತ್ತೇನೆ. ಉಪ್ಪು ತಡೆಯುವ ಕಗ್ಗ ಭತ್ತದ ಕೊಯ್ಲಾದ ಮೇಲೆ ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉದುರಿದ ಭತ್ತ, ಬಸವನಹುಳು, ಚಿಕ್ಕ ಏಡಿ ಎಲ್ಲ ಪುಕ್ಕಟೆ. ಗಜನಿಯವರಿಗೆ ವಾರಕ್ಕೊಂದು ಬುಟ್ಟಿ ಮೊಟ್ಟೆ ಕೊಟ್ಟರೆ ಸಾಕು. ಮೊದಲ ವರ್ಷ ಮೂರು ವಾರದ ಮರಿಗಳನ್ನೇ ಬಿಟ್ಟಿದ್ದೆ. ಉಪ್ಪುನೀರು ಕುಡಿದು ಕಾಲು ಬಿದ್ದು ಹೋದವು. ಈಗ ಎರಡು ತಿಂಗಳು ತುಂಬಿದ್ದನ್ನು ಮಾತ್ರ ಬಿಡುತ್ತೇನೆ, ಒಡ್ಡಿನ ಮೇಲೆ ಸಿಹಿನೀರಿನ ಡ್ರಮ್ಮು ಇಡುತ್ತೇನೆ. ಮಳೆಗಾಲದಲ್ಲಿ ಶೇಂಗಾ ಹಿಂಡಿಯನ್ನಂತೂ ಬಾತಿಗೆ ತೋರಿಸಲೂ ಬೇಡಿ. ಕಣ್ಣಿಗೆ ಕಾಣದಷ್ಟು ಬೂಷ್ಟು ಸಾಕು ಮರಿಯ ಯಕೃತ್ತು ಹೋಗಲು.

ತದಡಿ ಬಂದರಿನಿಂದ ಮೀನಿನ ಕಸ ತಂದು ಹಾಕಿ ಒಂದು ಕ್ರಿಸ್‌ಮಸ್ ಹಾಳು ಮಾಡಿಕೊಂಡೆ. ಬಾತು ಮಿಂಚಿದವು, ತೂಕ ಬಂತು. ಕಾರವಾರದ ಗಿರಾಕಿಯೊಬ್ಬರು ಹಬ್ಬದ ಮರುದಿನ ಫೋನು ಮಾಡಿ, "ರೆಕ್ಕೆ ಇರುವ ಬಂಗಡೆ ಕೊಟ್ಟಿದ್ದೀರಿ ಮಾರಾಯರೇ" ಎಂದರು. ಹಣ ವಾಪಸು ಕೊಟ್ಟೆ. ಗಜನಿಯ ಬಾತಿಗೂ ಸ್ವಲ್ಪ ಆ ವಾಸನೆ ಬರುತ್ತದೆ, ಆದ್ದರಿಂದ ಡಿಸೆಂಬರ್ ಮೊದಲ ವಾರಕ್ಕೇ ಮನೆಗೆ ತಂದು ಭತ್ತ, ನುಚ್ಚು, ಕೊಬ್ಬರಿ ಹಿಂಡಿ, ಜೊತೆಗೆ ಇನ್ನೊಂದು ಹಾಕುತ್ತೇನೆ. ಆ ಇನ್ನೊಂದನ್ನು ಮಾವನಿಗೂ ಹೇಳಿಲ್ಲ.

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತೋಟದ ಬಸವನಹುಳುವಿಗೆ ಇಪ್ಪತ್ತು ಬಾತು ಒಯ್ದಿದ್ದರು. ಚಿಕ್ಕ ಹುಳು ತಿಂದವು, ದೊಡ್ಡದನ್ನು ಮುಟ್ಟಲಿಲ್ಲ, ಬಸಿಗಾಲುವೆಯನ್ನೆಲ್ಲ ಕೆಸರು ಮಾಡಿದವು. ಹದಿನೇಳು ವಾಪಸು ಬಂದವು. ಮೂರು ಎಲ್ಲಿ ಎಂದು ಕೇಳುವ ಸಂಬಂಧ ನಮ್ಮದಲ್ಲ.

ಲೆಕ್ಕ. 2024ರ ಜುಲೈಯಲ್ಲಿ ಅಂಕೋಲೆ ಬಳಿಯ ಶಿರೂರು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಹುಬ್ಬಳ್ಳಿಯ ಆಹಾರದ ಲಾರಿ ಬರಲಿಲ್ಲ. ವಾರಗಟ್ಟಲೆ ತೌಡು, ನೀರಿನ ಮೇಲೆ ಬೆಳೆಯುವ ಅಜೋಲಾ ಸೊಪ್ಪು, ಹಲಸಿನ ಬೀಜದಲ್ಲಿ ತಳ್ಳಿದೆ. ತೂಕ ಅರ್ಧ ಕಿಲೋ ಕಡಿಮೆ ಬಂದಿರಬಹುದು. ಟರ್ಕಿ ಒಂದಕ್ಕೆ ಆಹಾರ ಎಂಟುನೂರರಿಂದ ಒಂಬತ್ತುನೂರು ಬಿತ್ತು. ಜೀವಂತ ಕಿಲೋಗೆ 480ರಂತೆ ಮಾರಿದೆ. ಅರ್ಧ ಕಾರವಾರಕ್ಕೆ, ಅರ್ಧ ಗೋವೆಗೆ. ಕಾಳಿ ನದಿಯ ಹಳೆ ಸೇತುವೆ ಆಗಸ್ಟಿನಲ್ಲಿ ಬಿದ್ದಿತ್ತು, ಉಳಿದೊಂದರಲ್ಲೇ ವ್ಯಾನು ದಾಟಿತು. ಬಾತು ಒಂದಕ್ಕೆ 550. ಎಲ್ಲ ಕಳೆದು ಎಂಬತ್ತು ಸಾವಿರದ ಆಸುಪಾಸು ಕೈಗೆ ಬಂತು. ಮೊದಲ ನಾಲ್ಕು ವರ್ಷದಲ್ಲಿ ಕಳೆದದ್ದು ಒಂದೂವರೆ ಲಕ್ಷಕ್ಕೆ ಕಡಿಮೆ ಇಲ್ಲ, ಆದ್ದರಿಂದ ಯಾರೂ ಎಮ್ಮೆ ಮಾರಿ ಟರ್ಕಿ ತರಲು ಓಡಬೇಡಿ.

ಬಾತನ್ನು ಸುಲಿದು ಕೊಡುವುದಾದರೆ ವಯಸ್ಸು ನೋಡಿ. ಏಳೆಂಟು ವಾರ ದಾಟಿದರೆ ಮೂರು ತಿಂಗಳು ತುಂಬುವವರೆಗೆ ಕೈ ಹಚ್ಚಬೇಡಿ, ಚರ್ಮದೊಳಗಿನ ಮುಳ್ಳುಗರಿ ಕೀಳುತ್ತ ರಾತ್ರಿ ಕಳೆಯುತ್ತೀರಿ. ನನ್ನ ಮರಿಗಳನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ತರಿಸುವುದು ಇದೇ ಲೆಕ್ಕದಿಂದ.

ಬೀಜದ ಮೊಟ್ಟೆ, ಅಂದರೆ ಮರಿ ಮಾಡಿಸುವ ಟರ್ಕಿ ಮೊಟ್ಟೆ ಕೇಳುವವರು ಫೆಬ್ರವರಿಯಲ್ಲೇ ಹೇಳಿಡಿ. ಮೊಟ್ಟೆ ಕೊಡುತ್ತೇನೆ, ಮರಿ ಕೊಡುವುದಿಲ್ಲ. ಬಸ್ಸಿನಲ್ಲಿ ಬಂದ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿದ್ದೇನೆ.