ಕಡಿಮೆ ಬಜೆಟ್ ಗೇಮಿಂಗ್ ಪಿಸಿಗೆ ಮದರ್‌ಬೋರ್ಡ್ ತಗೊಳ್ಳೋ ಮುಂಚೆ

ಮೊದಲು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಗಟ್ಟಿ ಮಾಡ್ಕೊಳ್ಳಿ, ಬೋರ್ಡ್ ಆಮೇಲೆ. ಬೋರ್ಡ್ ಮೇಲಿನ ಬಣ್ಣಬಣ್ಣದ ಆರ್‌ಜಿಬಿ ಲೈಟು ಒಂದು ಫ್ರೇಮನ್ನೂ ಜಾಸ್ತಿ ಕೊಡಲ್ಲ!

ಎಎಂಡಿಯ ರೈಜೆನ್ 5 5600 ಪ್ರೊಸೆಸರ್‌ಗೆ ಬಿ450 ಚಿಪ್‌ಸೆಟ್ ಇರೋ ಬೋರ್ಡ್ ಸಾಕು ಅನ್ನೋರಿದ್ದಾರೆ. ಓಡುತ್ತೆ ನಿಜ, ಆದ್ರೆ ಹಳೇ ಸ್ಟಾಕ್ ಆಗಿದ್ರೆ ಬಯಾಸ್ (ಪಿಸಿ ಶುರು ಮಾಡೋ, ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗೋವರೆಗೂ ಡಿಸ್‌ಪ್ಲೇನೇ ಬರಲ್ಲ. ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್ ಬಟನ್ ಇರೋ ಬೋರ್ಡ್ ಆದ್ರೆ ಒಂದು ಪೆನ್‌ಡ್ರೈವ್‌ನಲ್ಲೇ ಕೆಲಸ ಮುಗಿಯುತ್ತೆ. ಇನ್ನೊಂದು ವಿಷಯ, ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡ್ ಬಳಸೋದು ಬರೀ 4 ಪಿಸಿಐಇ ಲೇನ್ (ಕಾರ್ಡ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಓಡಾಡೋ ದಾರಿ). ಬಿ450ಯಲ್ಲಿ ಅದು ಪಿಸಿಐಇ 4.0ಯಿಂದ 3.0 ವೇಗಕ್ಕೆ ಇಳಿದು ಕೆಲವು ಗೇಮ್‌ಗಳಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್‌ಗಳು) ತುಂಬಾನೇ ಇಳಿಯುತ್ತೆ. ಅಂಥ ಕಾರ್ಡ್ ಇದ್ರೆ 4.0 ಇರೋ ಬಿ550 ಬೋರ್ಡ್‌ಗೇ ಹೋಗಿ.

ಇಂಟೆಲ್ ಕಡೆ ಎಚ್610 ಚಿಪ್‌ಸೆಟ್ ಬೋರ್ಡ್ ಅಗ್ಗ, ಆದ್ರೆ ರ‍್ಯಾಮ್ ಸ್ಲಾಟ್ ಎರಡೇ. ಹಾಗಾಗಿ 8 ಜಿಬಿಯ ಎರಡು ಸ್ಟಿಕ್ ಶುರುವಲ್ಲೇ ಹಾಕಿಬಿಡಿ. ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಕೊಡೋ ಭಾಗ) ಮೇಲೆ ಬಿಸಿ ತಗ್ಗಿಸೋ ಹೀಟ್‌ಸಿಂಕ್ ಇದೆಯಾ ಅಂತಾನೂ ನೋಡಿ.