ಓದಿದ್ದು ಮರೆಯಬಾರದು ಅಂದರೆ ಪುಸ್ತಕ ಮುಚ್ಚಿ

ಪರೀಕ್ಷೆ ಬರೆದು ಬಂದ ಮಕ್ಕಳ ಬಾಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು: ‘ಎಲ್ಲ ಓದಿದ್ದೆ, ಬರೆಯೋಕೆ ಕೂತಾಗ ನೆನಪಿಗೇ ಬರಲಿಲ್ಲ.’ ಅವರು ಸುಳ್ಳು ಹೇಳುತ್ತಿಲ್ಲ. ಒಂದೇ ಪಾಠವನ್ನು ನಾಲ್ಕೈದು ಸಲ ಓದಿರುತ್ತಾರೆ. ಆದರೆ ಓದಿದ್ದನ್ನು ತಲೆಯಿಂದ ಹೊರಗೆ ತೆಗೆಯುವ ಅಭ್ಯಾಸವನ್ನು ಒಂದು ಸಲವೂ ಮಾಡಿರುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಅದೇ ಅಲ್ವಾ?

1. ಅರ್ಥ ಮಾಡಿಕೊಂಡು ಒಮ್ಮೆ ಓದಿ

ಫೋನ್ ಬೇರೆ ಕೋಣೆಯಲ್ಲಿರಲಿ. ಅರ್ಥವಾಗದ್ದನ್ನು ಆಗಲೇ ಕೇಳಿ ತಿಳಿದುಕೊಳ್ಳಿ. ಇಷ್ಟು ಸಾಕು. ಹೈಲೈಟರ್ ಬೇಡ. ಪುಟವೆಲ್ಲ ಹಳದಿಯಾದರೆ ಓದಿದ ಸಮಾಧಾನ ಸಿಗುತ್ತದೆ, ನೆನಪಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

2. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನಃಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಠ್ಯವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಠ್ಯ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು. ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದವರಿಗೆ ಸುಮಾರು ಶೇ 61. ಮತ್ತೆ ಮತ್ತೆ ಓದುವಾಗ ‘ಬರ್ತಾ ಇದೆ’ ಅನ್ನಿಸುವುದು ಈ ಐದು ನಿಮಿಷದ ನೆನಪನ್ನು ನಂಬಿಯೇ.

ಈಗ ಮಾಡುವುದು ಹೇಗೆ ನೋಡಿ. ಹೃದಯದ ಪಾಠ ಓದಿದಿರಿ ಅನ್ನಿ. ಪುಸ್ತಕ ಮುಚ್ಚಿ ಕೈಗೆ ಸಿಗದಷ್ಟು ದೂರ ಇಡಿ. ಹಾಳೆಯ ಮೇಲೆ ‘ರಕ್ತ ಹೃದಯದೊಳಗೆ ಬಂದು ಹೋಗುವ ದಾರಿ’ ಎಂದು ಬರೆದು ಶುರು ಮಾಡಿ. ಬಲ ಹೃತ್ಕರ್ಣ ಬಂತು, ಬಲ ಹೃತ್ಕುಕ್ಷಿ ಬಂತು. ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ನಾಳ ಯಾವುದು? ಅಪಧಮನಿಯೋ ಅಭಿಧಮನಿಯೋ? ಪೆನ್ನು ನಿಂತಿತು.

ಈ ಜಾಗದಲ್ಲಿ ಕೈ ತಾನಾಗಿ ಪುಸ್ತಕದ ಕಡೆ ಹೋಗುತ್ತದೆ. ಬಿಡಬೇಡಿ. ಒಂದೆರಡು ನಿಮಿಷ ತಿಣುಕಾಡಿ. ‘ಹೃದಯದಿಂದ ಹೊರಗೆ ಹೋಗುವುದೆಲ್ಲ ಅಪಧಮನಿ, ಹಾಗಾದರೆ ಇದೂ ಅದೇ ಇರಬೇಕು’ ಎಂದು ತರ್ಕದಿಂದ ಹಿಡಿಯಲು ನೋಡಿ. ಸಿಕ್ಕರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಸಿಗದಿದ್ದರೂ ಊಹಿಸಿ ಬರೆಯಿರಿ, ತಪ್ಪಾದರೆ ಆಗಲಿ, ಆಮೇಲೆ ತಿದ್ದುತ್ತೀರಲ್ಲ. ತಲೆ ಕೆರೆದುಕೊಳ್ಳುವ ಆ ಹೊತ್ತು ದಂಡ ಅನ್ನಿಸಬಹುದು. ಕಲಿಕೆ ಆಗುತ್ತಿರುವುದು ಆಗಲೇ.

‘ನಾನು ಮನಸ್ಸಲ್ಲೇ ಹೇಳಿಕೊಳ್ತೀನಿ, ಬರೆಯೋದು ಯಾಕೆ?’ ಎಂದು ಮಕ್ಕಳು ಕೇಳುತ್ತಾರೆ. ಮನಸ್ಸಿನಲ್ಲಿ ಅರ್ಧ ಉತ್ತರ ಬಂದರೂ ‘ಗೊತ್ತು’ ಅನ್ನಿಸಿಬಿಡುತ್ತದೆ. ಹಾಳೆಯ ಮೇಲೆ ಅರ್ಧ ಉತ್ತರ ಅರ್ಧವಾಗಿಯೇ ಕಾಣುತ್ತದೆ. ಬರೆಯಲು ಬೇಜಾರಾದರೆ ಯಾರಿಗಾದರೂ ಜೋರಾಗಿ ವಿವರಿಸಿ. ಕೇಳುವವರು ಇಲ್ಲದಿದ್ದರೆ ಗೋಡೆಗಾದರೂ ಸರಿ.

3. ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ

ಈಗ ಪುಸ್ತಕ ತೆರೆಯಿರಿ. ಬಿಟ್ಟದ್ದು, ತಪ್ಪಿದ್ದು ಮಾತ್ರ ಕೆಂಪಿನಲ್ಲಿ ಬರೆಯಿರಿ. ಇಡೀ ಪಾಠ ಮತ್ತೆ ಓದಬೇಡಿ. ತಿದ್ದುವುದನ್ನು ನಾಳೆಗೆ ಇಡಲೂ ಬೇಡಿ, ತಪ್ಪು ಉತ್ತರವೇ ತಲೆಯಲ್ಲಿ ಕೂತುಬಿಡಬಹುದು.

4. ಅಂತರ ಬಿಟ್ಟು ಮತ್ತೆ ಬರೆಯಿರಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆಯುವುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ನೆನಪು ಮೊದಲ ಕೆಲವು ಗಂಟೆಗಳಲ್ಲಿ ಸರಸರ ಇಳಿಯುತ್ತದೆ, ಆಮೇಲೆ ಇಳಿಯುವುದು ನಿಧಾನವಾಗುತ್ತದೆ. ಅದಕ್ಕೇ ಎರಡನೆಯ ಸುತ್ತು ಮರುದಿನವೇ ಆಗಲಿ. ಆಮೇಲೆ ಮೂರು ನಾಲ್ಕು ದಿನ ಬಿಟ್ಟು, ವಾರ ಬಿಟ್ಟು, ಎರಡು ಮೂರು ವಾರ ಬಿಟ್ಟು. ಒಂದೇ ದಿನ ನಾಲ್ಕು ಗಂಟೆ ಕೂರುವುದಕ್ಕಿಂತ ನಾಲ್ಕು ದಿನ ಒಂದೊಂದು ಗಂಟೆ ಕೂತರೆ ಜಾಸ್ತಿ ಉಳಿಯುತ್ತದೆ.

ಚಿಕ್ಕ ಚಿಕ್ಕ ಸಂಗತಿಗಳಿಗೆ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಬರೆದ ಕಾರ್ಡ್ ಒಳ್ಳೆಯದು. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯ ಇದು. ಕೆಲವು ಡಬ್ಬಿ ಇಟ್ಟುಕೊಳ್ಳಿ. ಸರಿಯಾಗಿ ಹೇಳಿದ ಕಾರ್ಡ್ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲ ಡಬ್ಬಿಗೆ. ಮೊದಲನೆಯದನ್ನು ದಿನವೂ ನೋಡಿ, ಮುಂದಿನವನ್ನು ಇನ್ನಷ್ಟು ಬಿಟ್ಟು ಬಿಟ್ಟು ನೋಡಿ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ. ಉತ್ತರ ಬಾಯಿಬಿಟ್ಟು ಹೇಳಿದ ಮೇಲೆಯೇ ತಿರುಗಿಸಿ. ಕಾರ್ಡನ್ನು ನೀವೇ ಬರೆಯಿರಿ. ಯಾರೋ ಬರೆದಿಟ್ಟ ಸಿದ್ಧ ಕಾರ್ಡುಗಳಲ್ಲಿ ನಿಮಗೆ ಗೊತ್ತಿರುವುದು, ಬೇಡದ್ದು ಎಲ್ಲ ತುಂಬಿರುತ್ತದೆ. ಏನು ಕೇಳಬೇಕು ಎಂದು ಯೋಚಿಸುವುದೇ ಅರ್ಧ ಓದು.

ನೆನಪಿನ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಮಾತ್ರೆ, ಟಾನಿಕ್‌ಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಮೆದುಳಿನ ಕಸರತ್ತಿನ ಆಟಗಳೂ ಅಷ್ಟೇ. ಆಡುತ್ತಾ ಹೋದರೆ ಆ ಆಟದಲ್ಲಿ ಚುರುಕಾಗುತ್ತೀರಿ, ಇತಿಹಾಸದ ಪಾಠ ಅದರಿಂದ ನೆನಪಿರುವುದಿಲ್ಲ.

5. ತರ್ಕವಿಲ್ಲದ ಪಟ್ಟಿಗೆ ಮಾತ್ರ ಸೂತ್ರ ಕಟ್ಟಿ

ಛಂದಸ್ಸು ಓದಿದವರಿಗೆ ‘ಯಮಾತಾರಾಜಭಾನಸಲಗಂ’ ಗೊತ್ತು. ಮೊದಲ ಎಂಟರಲ್ಲಿ ಯಾವ ಅಕ್ಷರದಿಂದ ಶುರು ಮಾಡಿ ಮೂರು ಅಕ್ಷರ ಎಣಿಸಿದರೂ ಆ ಗಣದ ಲಘು ಗುರುಗಳು ಸಿಗುತ್ತವೆ. ‘ಯಮಾತಾ’ ಅಂದರೆ ಲಘು, ಗುರು, ಗುರು. ಅದೇ ಯಗಣ. ‘ರಾಜಭಾ’ ರಗಣ: ಗುರು, ಲಘು, ಗುರು. ಎಂಟು ಗಣಗಳೂ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಕ್ರಮವಾಗಿ ಹೇಳಬೇಕಾದ ಹೆಸರುಗಳಿಗೆ ಇಂಥದ್ದನ್ನು ನೀವೇ ಕಟ್ಟಿಕೊಳ್ಳಿ. ಕಾರಣ ಇರುವ ವಿಷಯಕ್ಕೆ ಮಾತ್ರ ಇದು ಬೇಡ. ದ್ಯುತಿಸಂಶ್ಲೇಷಣೆ ಹೇಗೆ ನಡೆಯುತ್ತದೆ ಎಂದು ತಿಳಿದವರಿಗೆ ಅದರ ಹಂತಗಳನ್ನು ಸೂತ್ರದಲ್ಲಿ ಕಟ್ಟುವ ಅಗತ್ಯವಿಲ್ಲ.

6. ಗಣಿತದ ಲೆಕ್ಕಗಳನ್ನು ಕಲಸಿ ಮಾಡಿ

ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿದರೆ ಎರಡನೆಯದರಿಂದ ಯೋಚಿಸುವುದೇ ನಿಂತುಹೋಗುತ್ತದೆ. ಯಾವ ಸೂತ್ರ ಎಂದು ಮೊದಲೇ ಗೊತ್ತಿರುತ್ತದಲ್ಲ! ಮೂರು ನಾಲ್ಕು ಅಧ್ಯಾಯಗಳ ಲೆಕ್ಕ ಬೆರೆಸಿ. ಆಗ ತಪ್ಪು ಜಾಸ್ತಿಯಾಗುತ್ತವೆ, ಗಾಬರಿ ಬೇಡ. ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಆರಿಸುವ ಅಭ್ಯಾಸ ಹೀಗೇ ಬರುವುದು.

7. ನಿದ್ದೆ ಮಾಡಿ

ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ತೆರೆಯಬೇಡಿ. ಹಳೆಯ ಹಾಳೆಗಳಲ್ಲಿ ಕೆಂಪಿನಲ್ಲಿರುವುದನ್ನಷ್ಟೇ ಒಮ್ಮೆ ನೋಡದೆ ಹೇಳಿ, ಸರಿನೋಡಿ, ಹೊತ್ತಿಗೆ ಸರಿಯಾಗಿ ಮಲಗಿ.