ಮೀಟರನ್ನು ನಾಲ್ಕು ಬೆರಳು ಮೇಲಕ್ಕೆತ್ತಿದೆ

ನನ್ನ ಯಮಹಾ ಆರ್‌ಎಕ್ಸ್ 100 ಬೈಕಿಗೆ ಏನೂ ಆಗಿರಲಿಲ್ಲ. ವಯಸ್ಸಾಗಿದ್ದು ನನಗೆ. ನಲವತ್ತೈದು ದಾಟುತ್ತಿದ್ದಂತೆ ಚಾಳೀಸು ಬಂತು, ಹಿಂದೆಯೇ ಬೈಫೋಕಲ್ ಕನ್ನಡಕ. ಅದೇ ವರ್ಷ ಅರ್ಧ ಹೆಲ್ಮೆಟ್ ಬಿಟ್ಟು ಫುಲ್ ಫೇಸ್ ಹಾಕಲು ಶುರು ಮಾಡಿದೆ. ಎರಡೂ ಸೇರಿ ಸ್ಪೀಡೋಮೀಟರ್ ಮಾಯ! ಗದ್ದದ ಹತ್ತಿರ ಹೆಲ್ಮೆಟ್ಟಿನ ಅಂಚು ಅರ್ಧ ಡಯಲ್ ಮುಚ್ಚುತ್ತಿತ್ತು. ಉಳಿದರ್ಧವನ್ನು ಕನ್ನಡಕದ ಕೆಳಭಾಗದಿಂದ ನೋಡಬೇಕು. ಅದು ಪೇಪರ್ ಓದಲು ಕೊಟ್ಟ ಗಾಜು, ಅಷ್ಟು ದೂರದ ಮುಳ್ಳು ಅದರಲ್ಲಿ ಮಸಕು ಮಸಕು. ಸರಿಯಾಗಿ ಕಾಣಬೇಕಾದರೆ ತಲೆಯನ್ನೇ ಬಗ್ಗಿಸಬೇಕು.

60 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಓಡುತ್ತದೆ. ನಾನು ದಿನಾ ಓಡಾಡುವುದು ಮೈಸೂರು–ನಂಜನಗೂಡು ರಸ್ತೆಯಲ್ಲಿ. ತಲೆ ಬಗ್ಗಿಸಿ ಎತ್ತುವಷ್ಟರಲ್ಲಿ ಎದುರಿಗೆ ಒಂದು ಹಂಪೋ, ಒಂದು ಎಮ್ಮೆಯೋ ಬಂದು ನಿಂತಿರುತ್ತಿತ್ತು.

ಒಂದು ಭಾನುವಾರ ಕೂತೆ. ಸ್ಪ್ಯಾನರ್ ಮುಟ್ಟಲಿಲ್ಲ. ಸ್ಟೀಲ್ ಲೋಟ ಬೋರಲು ಹಾಕಿ ರಟ್ಟಿನ ಮೇಲೆ ವೃತ್ತ ಎಳೆದು ಕತ್ತರಿಸಿದೆ. ಮಗ ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 20, 40, 60 ಬರೆದ. ಹೆಲ್ಮೆಟ್, ಕನ್ನಡಕ ಎರಡೂ ಹಾಕಿಕೊಂಡು, ರೋಡಿನಲ್ಲಿ ಕೂರುವ ಹಾಗೇ ಕೂತು, ಎದುರುಮನೆ ಗೇಟು ನೋಡುತ್ತಾ ಇದ್ದೆ. ಅವನು ರಟ್ಟನ್ನು ಹಿಡಿದು ಅತ್ತಿತ್ತ ಸರಿಸಿದ. ಕಣ್ಣುಗುಡ್ಡೆ ಮಾತ್ರ ಇಳಿಸಿದರೆ ಅಂಕಿ ಕಾಣಬೇಕು, ಅದು ಲೆಕ್ಕ.

ಮೀಟರನ್ನು ನನ್ನ ಕಡೆಗೆ ಎಳೆದುಕೊಂಡರೆ ಚೆನ್ನಾಗಿ ಕಾಣುತ್ತೆ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿದಾಗಲೇ ಅಂಕಿಗಳು ಸ್ಪಷ್ಟ ಕಂಡವು. ಚಾಳೀಸಿನ ಕಣ್ಣಿಗೆ ದೂರವೇ ವಾಸಿ, ಅಲ್ವಾ? ಅಳೆದರೆ 7 ಸೆಂ.ಮೀ. ಮೇಲೆ, 4 ಸೆಂ.ಮೀ. ಮುಂದೆ, ಮುಖ ಸ್ವಲ್ಪ ನನ್ನ ಕಡೆಗೆ ವಾಲಿಸಬೇಕು.

ಮೀಟರನ್ನು ಎತ್ತಿ ಹಿಡಿಯುವ ಬ್ರಾಕೆಟ್ಟಿಗೆ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ತಂದೆ. ವೆಲ್ಡಿಂಗ್ ಅಂಗಡಿಯವನು, "ಎರಡು ನಿಮಿಷದ ಕೆಲಸ ಸಾರ್, ಹ್ಯಾಂಡಲ್ ಕೆಳಗಿನ ಪ್ಲೇಟಿಗೇ ಅಂಟಿಸಿಬಿಡ್ತೀನಿ" ಅಂದ. ಬೇಡ ಅಂದೆ. ಮುಂದಿನ ಚಕ್ರದ ಫೋರ್ಕನ್ನು ಹಿಡಿದಿರುವ ಭಾಗಕ್ಕೆ ಬೆಂಕಿ ತೋರಿಸುವ ಧೈರ್ಯ ನನಗಿಲ್ಲ. ಪಟ್ಟಿಯನ್ನು ಬಗ್ಗಿಸಿ, ತೂತು ಕೊರೆದು, ಮೀಟರ್ ಮೊದಲು ಕೂತಿದ್ದ ಜಾಗಕ್ಕೇ ಬೋಲ್ಟ್ ಹಾಕಿಸಿದೆ. ಬೇಡವಾದರೆ ನಾಳೆ ಬಿಚ್ಚಿ ಮೊದಲಿನಂತೆ ಮಾಡಬಹುದು. ರಬ್ಬರ್ ಬುಷ್‌ಗಳು ಗಟ್ಟಿಯಾಗಿದ್ದವು, ಹೊಸದು ಹಾಕಿದೆ. ಟೂ ಸ್ಟ್ರೋಕ್ ಎಂಜಿನ್ನಿನ ನಡುಕ ನೇರ ಮೀಟರಿಗೆ ಹತ್ತಬಾರದು.

ಬಲ್ಬುಗಳ ವೈರು ಗಿಡ್ಡ ಬಂತು. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಬಣ್ಣಗಳ ಫೋಟೋ ತೆಗೆದಿದ್ದೆ. ಪ್ರತಿಯೊಂದಕ್ಕೂ ಗೇಣುದ್ದ ವೈರು ಸೇರಿಸಿ ಸಾಲ್ಡರ್ ಮಾಡಿದೆ. ಬರೀ ತಿರುಚಿ ಟೇಪ್ ಸುತ್ತಿದರೆ ಮೊದಲ ಮಳೆಗೇ ಕೈಕೊಡುತ್ತದೆ.

ಇಷ್ಟಕ್ಕೆ ಮುಗಿಯಿತು ಅಂತ ಸೋಮವಾರ ಹೊರಟೆ. 40 ದಾಟಿದ್ದೇ ತಡ, ಮುಳ್ಳು ಕುಣಿಯತೊಡಗಿತು. ಒಮ್ಮೆ 30, ಮರುಕ್ಷಣ 50. ಮೊದಲು ಮೀಟರ್ ಕಾಣುತ್ತಿರಲಿಲ್ಲ, ಈಗ ಕಂಡೂ ಪ್ರಯೋಜನವಿಲ್ಲ!

ತಪ್ಪು ಮೀಟರಿನದಲ್ಲ, ಕೇಬಲ್ಲಿನದು. ಮುಂದಿನ ಚಕ್ರ ತಿರುಗಿದಂತೆ ಕೇಬಲ್ ಒಳಗಿನ ತಂತಿ ತಿರುಗುತ್ತದೆ. ಅದರ ತುದಿಗೆ ಮೀಟರಿನೊಳಗೆ ಒಂದು ಅಯಸ್ಕಾಂತ, ಅದರ ಮೇಲೆ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಅಯಸ್ಕಾಂತ ತಿರುಗುವ ರಭಸಕ್ಕೆ ಬಟ್ಟಲಿನಲ್ಲಿ ಕರೆಂಟ್ ಹುಟ್ಟಿ ಅದೂ ತಿರುಗಲು ನೋಡುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟ ನಿಂತ ಕಡೆ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಜೆ ಪೇಟೆಂಟ್ ಪಡೆದ ಉಪಾಯ ಇದು. ನಾನು ಹಳೇ ಕೇಬಲ್ಲನ್ನೇ ಎಳೆದು ಸಿಕ್ಕಿಸಿದ್ದರಿಂದ ಮೀಟರಿನ ಕೆಳಗೆ ಅದು ಮೊಣಕೈಯಂತೆ ಮಡಚಿಕೊಂಡಿತ್ತು. ಅಲ್ಲಿ ತಂತಿ ಬಿಗಿದು, ಬಿಟ್ಟು, ಮತ್ತೆ ಬಿಗಿದು ತಿರುಗುತ್ತಿತ್ತು. ಮುಳ್ಳು ಕುಣಿಯದೆ ಏನು ಮಾಡೀತು?

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಎರಡೂ ತುದಿ ಹೊಂದಿಸಿ ನೋಡಿ, 10 ಸೆಂ.ಮೀ. ಉದ್ದ ಜಾಸ್ತಿ ಇರುವುದನ್ನು ತಂದೆ. ಒಳತಂತಿಗೆ ತೆಳ್ಳಗೆ ಗ್ರೀಸ್ ಸವರಿ, ಮೇಲಿನ ಗೇಣುದ್ದಕ್ಕೆ ಸವರದೇ ಬಿಟ್ಟೆ. ಅಲ್ಲೂ ಸವರಿದರೆ ತಿರುಗುವ ತಂತಿಯ ಜೊತೆ ಗ್ರೀಸ್ ಹತ್ತಿ ಮೀಟರಿನೊಳಗೆ ಹೋಗುತ್ತದೆ. ಆಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿದೆ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಜೋರಾಗಿ ಕೆಳಗೆ ಒತ್ತಿದೆ. ಕೇಬಲ್ ಎಲ್ಲೂ ಬಿಗಿಯಲಿಲ್ಲ, ಟೈರಿಗೂ ತಾಗಲಿಲ್ಲ. ಮುಳ್ಳು ಈಗ ಅಲುಗಾಡದೆ ಏರುತ್ತದೆ.

ರಾತ್ರಿ ಮಾತ್ರ ಮೀಟರಿನ ದೀಪ ಹೆಲ್ಮೆಟ್ ಗಾಜಿನಲ್ಲಿ ಪ್ರತಿಫಲಿಸುತ್ತಿತ್ತು. ಬ್ರಾಕೆಟ್ಟಿನ ಹಿಂಭಾಗಕ್ಕೆ ಎರಡು ವಾಷರ್ ಕೊಟ್ಟು ವಾಲಿಸಿದ್ದನ್ನು ಕಮ್ಮಿ ಮಾಡಿದೆ, ಸರಿಹೋಯಿತು. ಇನ್ನು ಬಾಕಿ ಇರುವುದು ಕೀಲಿ ಗೊಂಚಲು. ಅದು ಬ್ರಾಕೆಟ್ಟಿಗೆ ಬಡಿದು ದಾರಿಯುದ್ದಕ್ಕೂ ಟಿಣಿ ಟಿಣಿ ಅನ್ನುತ್ತದೆ. "ಬೀರು ಕೀಲಿ ಬೇರೆ ಇಡಿ ಅಂದ್ರೆ ಕೇಳಲ್ವಲ್ಲರೀ" ಅಂತ ಮನೆಯಾಕೆ ಅನ್ನುತ್ತಲೇ ಇದ್ದಾಳೆ.